ಬೊಬ್ಬಿಲಿಯ ಬಂಗಾರ, ಕೌಬಾಯ್ ಟೋಪಿ

ಕೌಬಾಯ್ ಸಿನಿಮಾ ಎಂದ ಕೂಡಲೇ ನಿಮ್ಮ ಕಣ್ಣೆದುರು ಏನು ಬರುತ್ತದೆ ಎಂದು ನಾನು ಊಹಿಸಬಲ್ಲೆ. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ತುಟಿಯ ಮೂಲೆಯಲ್ಲಿ ಅರ್ಧ ಸುಟ್ಟ ಚುಟ್ಟಾ, ಧೂಳೆಬ್ಬಿಸಿಕೊಂಡು ಬರುವ ಕುದುರೆ. ಅಮೆರಿಕದ ಈ ಸರಕಿಗೂ ನಮ್ಮ ಕನ್ನಡ ಕಾರ್ಯಕ್ರಮಕ್ಕೂ ಏನು ಸಂಬಂಧ ಎಂದು ಕೇಳುವಿರಾ? ಸ್ವಲ್ಪ ತಾಳಿ. ನಾನು ಇವತ್ತು ಹೇಳಹೊರಟಿರುವ ಕೌಬಾಯ್ ತೆಲುಗು ಮಾತಾಡುತ್ತಾನೆ. ಅವನನ್ನು ಕುದುರೆ ಹತ್ತಿಸಿದ ನಿರ್ದೇಶಕ ಆಮೇಲೆ ನಮ್ಮ ವಿಷ್ಣುವರ್ಧನ್ ಅವರ ಕೈಗೂ ಹೊಡೆದಾಟದ ಪಾತ್ರಗಳನ್ನು ಕೊಟ್ಟವರು.

ಚಿತ್ರದ ಹೆಸರು ‘ಮೋಸಗಾಳ್ಳಕು ಮೋಸಗಾಡು’. ಮೋಸಗಾರರಿಗೇ ಮೋಸ ಮಾಡುವವನು ಎಂದರ್ಥ. 1971ರ ಆಗಸ್ಟ್ 27ರಂದು ತೆರೆ ಕಂಡಿತು. ಭಾರತದ ಮೊದಲ ಕೌಬಾಯ್ ಚಿತ್ರವೆಂದು ಹೆಸರಾಗಿದೆ. ನಾಯಕ ಕೃಷ್ಣ, ನಾಯಕಿ ವಿಜಯನಿರ್ಮಲ, ನಿರ್ದೇಶನ ಕೆ.ಎಸ್.ಆರ್. ದಾಸ್, ನಿರ್ಮಾಣ ಕೃಷ್ಣ ಅವರದೇ ಮನೆಯ ಪದ್ಮಾಲಯ ಸಂಸ್ಥೆ.

ನಾನು ಇದನ್ನು ಮೊದಲು ನೋಡಿದ್ದು ವಿಜಯವಾಡದಲ್ಲಿ, ಎಂಬತ್ತರ ದಶಕದ ನಡುವೆ. ಬ್ಯಾಂಕಿನ ಕೆಲಸ, ಹೊಸ ವರ್ಗಾವಣೆ, ಭಾಷೆ ಅರ್ಧಂಬರ್ಧ. ಏಪ್ರಿಲ್ ಬಂತೆಂದರೆ ಆ ಊರಿನ ಬಿಸಿಲಿಗೆ ಮನೆಯಲ್ಲಿ ಕೂರುವಂತಿಲ್ಲ, ಬೀದಿಯಲ್ಲಿ ನಿಲ್ಲುವಂತಿಲ್ಲ. ಉಳಿದ ಜಾಗ ಸಿನಿಮಾ ಟಾಕೀಸು. ಹಳೆಯ ಚಿತ್ರಗಳಿಗೆ ಮಾರ್ನಿಂಗ್ ಶೋ ಇರುತ್ತಿತ್ತು. ನಮ್ಮ ಶಾಖೆಯ ಕ್ಯಾಷಿಯರ್ ಒಬ್ಬರು ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಎಲ್ಲರೂ ಅವರನ್ನು ‘ಮಾಸ್ಟಾರು’ ಎನ್ನುತ್ತಿದ್ದರು. ವಿಶಾಖಪಟ್ಟಣದ ಕಡೆಯ ಅನಕಾಪಲ್ಲಿಯವರು. ಒಂದು ಭಾನುವಾರ ಅವರೇ ನನ್ನನ್ನು ಎಳೆದುಕೊಂಡು ಹೋದರು.

ಹೊರಗೆ ಬಂದಾಗ ನಾನು ದೊಡ್ಡ ತಿಳಿವಳಿಕೆಯವನ ಹಾಗೆ ಹೇಳಿದೆ, “ಮಾಸ್ಟಾರೂ, ಇದೆಲ್ಲ ಇಂಗ್ಲಿಷಿನಿಂದ ಎತ್ತಿದ್ದಲ್ಲವೇ? ಕ್ಲಿಂಟ್ ಈಸ್ಟ್‌ವುಡ್ ಟೋಪಿಯನ್ನು ಕೃಷ್ಣನ ತಲೆಗೆ ಇಟ್ಟಿದ್ದಾರೆ, ಅಷ್ಟೇ.”

ಮಾಸ್ಟಾರು ನಿಂತುಬಿಟ್ಟರು. ಸೋಡಾ ಗಾಡಿಯ ಪಕ್ಕ ನಿಂತು ಒಂದೇ ಪ್ರಶ್ನೆ ಕೇಳಿದರು. “ಟೋಪಿ ಅವರದ್ದು ಸಾರ್, ಒಪ್ಪಿದೆ. ಆ ಬಂಗಾರ ಯಾರದ್ದು?”

ಆಗ ನನಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಯೇ ಸರಿಯಾಗಿ ಅರ್ಥವಾಗಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಎತ್ತಿದ್ದು ನಿಜವೇ? ನಿಜ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇಟಲಿಯ ಸರ್ಜಿಯೋ ಲಿಯೋನ್ ತೆಗೆದ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಮತ್ತು ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’, ಜೊತೆಗೆ 1969ರ ‘ಮೆಕೆನ್ನಾಸ್ ಗೋಲ್ಡ್’, ಈ ಮೂರರ ಎಳೆಗಳನ್ನು ಹೆಣೆದು ಕಥೆ ಕಟ್ಟಿದ್ದಾರೆ. ‘ಮೆಕೆನ್ನಾಸ್ ಗೋಲ್ಡ್’ ಅನ್ನು ಹಿರಿಯರು ಮರೆತಿರಲಾರರು. ಅಮೆರಿಕದಲ್ಲಿ ಸೋತ ಚಿತ್ರ, ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ಓಡಿತು. ಆದರೆ ಕಳ್ಳತನದ ಮಾತು ಬಂದರೆ ಲಿಯೋನ್ ಕೂಡ ಸಾಚಾ ಅಲ್ಲ. 1964ರಲ್ಲಿ ಅವರ ಮೊದಲ ಕೌಬಾಯ್ ಚಿತ್ರ ಬಂದಾಗ, ಇದು ನಮ್ಮ ‘ಯೋಜಿಂಬೊ’ದ ನಕಲು ಎಂದು ಜಪಾನಿನ ಕುರೋಸಾವಾ ಕಡೆಯವರು ತಗಾದೆ ತೆಗೆದು ಪರಿಹಾರ ಪಡೆದರು. ಕುರೋಸಾವಾಗೋ ಅಮೆರಿಕದ ಹಳೆಯ ಕೌಬಾಯ್ ಚಿತ್ರಗಳೆಂದರೆ ಪ್ರಾಣ. ಟೋಪಿ ಹೀಗೆ ಲೋಕ ಸುತ್ತಿಕೊಂಡೇ ನಮ್ಮಲ್ಲಿಗೆ ಬಂದಿದೆ. ಯಾರ ತಲೆಯಿಂದ ಯಾರ ತಲೆಗೆ ಎಂದು ಲೆಕ್ಕ ಇಡುವುದಕ್ಕಿಂತ, ಹೊಸ ತಲೆ ಅದರ ಕೆಳಗೆ ಏನು ಯೋಚಿಸಿತು ಎಂದು ನೋಡುವುದು ಮೇಲು.

ಇಲ್ಲಿ ಯೋಚಿಸಿದ ತಲೆ ಕವಿ ಆರುದ್ರ ಅವರದು. ಭಾಗವತುಲ ಸದಾಶಿವ ಶಂಕರ ಶಾಸ್ತ್ರಿ ಅವರ ಪೂರ್ತಿ ಹೆಸರು. 1925ರಲ್ಲಿ ವಿಶಾಖಪಟ್ಟಣದ ಸೀಮೆಯಲ್ಲಿ ಹುಟ್ಟಿದವರು. ‘ತ್ವಮೇವಾಹಂ’ ಎಂಬ ಕಾವ್ಯ ಬರೆದವರು, ತೆಲುಗು ಸಾಹಿತ್ಯದ ಇಡೀ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಒಬ್ಬರೇ ಬರೆದು ಮುಗಿಸಿದವರು. ಅಂಥ ವಿದ್ವಾಂಸರನ್ನು ಕರೆದು ಪಿಸ್ತೂಲಿನ ಕಥೆ ಬರೆಯಿರಿ ಎಂದರೆ ಏನಾಗುತ್ತದೆ? ಅವರು ಚರಿತ್ರೆಯ ಪೆಟ್ಟಿಗೆ ತೆರೆಯುತ್ತಾರೆ. ಆರುದ್ರ ತೆರೆದದ್ದು ಬೊಬ್ಬಿಲಿಯ ಪೆಟ್ಟಿಗೆಯನ್ನು.

ಬೊಬ್ಬಿಲಿ ವಿಶಾಖಪಟ್ಟಣದಿಂದ ಉತ್ತರಕ್ಕಿರುವ ಊರು, ಈಗ ವಿಜಯನಗರಂ ಜಿಲ್ಲೆಗೆ ಸೇರಿದೆ. 1757ರ ಜನವರಿಯಲ್ಲಿ ಫ್ರೆಂಚ್ ಸೇನಾಪತಿ ಬುಸ್ಸಿ, ವಿಜಯನಗರಂ ರಾಜನ ಜೊತೆಗೂಡಿ ಬೊಬ್ಬಿಲಿ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವರು ಶರಣಾಗಲಿಲ್ಲ. ಹೆಂಗಸರು ಮಕ್ಕಳು ಕೋಟೆಯೊಳಗೇ ಪ್ರಾಣ ಬಿಟ್ಟರು. ತಾಂಡ್ರ ಪಾಪಾರಾಯುಡು ರಾತ್ರಿ ಡೇರೆಗೆ ನುಗ್ಗಿ ವಿಜಯನಗರಂ ರಾಜನನ್ನು ಕೊಂದು ಸೇಡು ತೀರಿಸಿಕೊಂಡ. ತೆಲುಗು ನಾಡಿನಲ್ಲಿ ಇದನ್ನು ಬುರ್ರಕಥೆಯಲ್ಲಿ ಕೇಳದೆ ಬೆಳೆದವರು ಕಡಿಮೆ. ನಮ್ಮಲ್ಲಿ ಕಿತ್ತೂರು, ಸಂಗೊಳ್ಳಿ ರಾಯಣ್ಣ ಎಂದರೆ ಹೇಗೋ ಹಾಗೆ. 1964ರಲ್ಲಿ ಎನ್.ಟಿ. ರಾಮರಾವ್ ‘ಬೊಬ್ಬಿಲಿ ಯುದ್ಧಂ’ ಎಂಬ ಚಿತ್ರವನ್ನೂ ಮಾಡಿದ್ದರು.

ಆರುದ್ರ ಆ ಯುದ್ಧದ ಹಿನ್ನೆಲೆಯನ್ನು ಇಟ್ಟುಕೊಂಡು, ಬಿಳಿಯರ ಕಣ್ಣು ಬಿದ್ದ ಅಮರವೀಡು ಎಂಬ ಕಲ್ಪಿತ ರಾಜ್ಯವನ್ನೂ ಅದರ ಬಚ್ಚಿಟ್ಟ ನಿಧಿಯನ್ನೂ ಸೃಷ್ಟಿಸಿದರು. ಆ ನಿಧಿಯ ಬೆನ್ನು ಹತ್ತಿ ಕಳ್ಳರು, ಕೊಲೆಗಡುಕರು ಓಡುತ್ತಾರೆ. ತಂದೆತಾಯಿಯನ್ನು ಕೊಂದವರನ್ನು ಹುಡುಕುತ್ತ ಕೃಷ್ಣಪ್ರಸಾದ್ ಎಂಬ ನಾಯಕ ಬರುತ್ತಾನೆ. ನಡುನಡುವೆ ನಕ್ಕಜಿತ್ತುಲ ನಾಗನ್ನ, ಅಂದರೆ ನರಿಬುದ್ಧಿಯ ನಾಗಣ್ಣ. ನಾಗಭೂಷಣಂ ಈ ಪಾತ್ರದಲ್ಲಿ ಮಾಡಿದ ಚೇಷ್ಟೆಯನ್ನು ನೋಡಿ ಟಾಕೀಸಿನಲ್ಲಿ ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನನಗೆ ಕೇಳಿದರೆ ಚಿತ್ರದ ಜೀವ ಇರುವುದು ನಾಯಕನಲ್ಲಲ್ಲ, ಈ ನಾಗಣ್ಣನಲ್ಲಿ.

ಈಗ ಮಾಸ್ಟಾರು ಕೇಳಿದ ಪ್ರಶ್ನೆಗೆ ಬನ್ನಿ. ಹಾಲಿವುಡ್ಡಿನ ಹಳೆಯ ಕೌಬಾಯ್ ಚಿತ್ರಗಳಲ್ಲಿ ನೆಲ ಖಾಲಿ. ಬಿಳಿಯರು ಗಾಡಿ ಕಟ್ಟಿಕೊಂಡು ಬರುತ್ತಾರೆ, ಊರು ಕಟ್ಟುತ್ತಾರೆ. ಅಡ್ಡ ಬರುವ ರೆಡ್ ಇಂಡಿಯನ್ನರು ಗುಡ್ಡದ ಮೇಲಿಂದ ಕೂಗುತ್ತ ಇಳಿಯುತ್ತಾರೆ, ಗುಂಡು ತಿಂದು ಸಾಯುತ್ತಾರೆ. ಬಂಗಾರ ಸಿಕ್ಕವನದು. ಅದಕ್ಕೆ ಮೊದಲು ಅಲ್ಲಿ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ಲಿಯೋನ್ ಈ ಲೋಕದ ನೀತಿಯನ್ನು ಗೇಲಿ ಮಾಡಿದರು, ನಾಯಕನನ್ನೂ ದುಡ್ಡಿಗಾಗಿ ಕೊಲ್ಲುವವನನ್ನಾಗಿ ಮಾಡಿದರು. ಆದರೆ ಅವರೂ ಬಂಗಾರದ ಒಡೆಯ ಯಾರು ಎಂದು ಕೇಳಲಿಲ್ಲ. ತೆಲುಗಿನಲ್ಲಿ ಆ ಪ್ರಶ್ನೆ ತಾನಾಗಿಯೇ ಎದ್ದು ನಿಂತಿತು. ಯಾಕೆಂದರೆ ಇಲ್ಲಿ ಗುಡ್ಡದ ಮೇಲಿದ್ದವರು ನಾವು! ಬಂದೂಕು ಹಿಡಿದು ಬಂದ ಬಿಳಿಯನೇ ದರೋಡೆಕೋರ. ಬಂಗಾರ ಒಂದು ನಾಡಿನದು. ಟೋಪಿ ಅದೇ, ಕುದುರೆ ಅದೇ, ಆದರೆ ಕಥೆ ತಲೆಕೆಳಗಾಯಿತು.

ಅಮೆರಿಕನ್ನರು ತಮ್ಮ ಕಥೆಯನ್ನು ತಾವೇ ಮರುಪರಿಶೀಲಿಸಿದ್ದು ಹೆಚ್ಚುಕಡಿಮೆ ಅದೇ ಸಮಯದಲ್ಲಿ. 1970ರಲ್ಲಿ ‘ಲಿಟಲ್ ಬಿಗ್ ಮ್ಯಾನ್’ ಮತ್ತು ‘ಸೋಲ್ಜರ್ ಬ್ಲೂ’ ಎಂಬ ಎರಡು ಚಿತ್ರಗಳು ಅಮೆರಿಕದ ಸೈನ್ಯ ಮೂಲನಿವಾಸಿಗಳ ಮೇಲೆ ನಡೆಸಿದ ಹತ್ಯೆಗಳನ್ನು ತೆರೆಗೆ ತಂದವು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ತಮ್ಮ ಹುಡುಗರು ಅಲ್ಲಿ ಏನು ಮಾಡುತ್ತಿದ್ದಾರೆ ಎಂಬ ಸುದ್ದಿ ಮನೆಮನೆಯ ಟಿ.ವಿ.ಗೆ ಬಂದಾಗ, ಅಜ್ಜಂದಿರು ಏನು ಮಾಡಿದ್ದರು ಎಂಬ ಅನುಮಾನವೂ ಎದ್ದಿತು. ಈ ದಾರಿಯ ತುದಿಯಲ್ಲಿ ನಿಂತಿರುವುದು ಈಸ್ಟ್‌ವುಡ್ ಅವರೇ ನಿರ್ದೇಶಿಸಿದ 1992ರ ‘ಅನ್‌ಫರ್ಗಿವನ್’. ನೀವು ನೋಡಿರದಿದ್ದರೆ ದಯವಿಟ್ಟು ನೋಡಿ. ಹಿಂದೆ ಹೆಂಗಸರು ಮಕ್ಕಳೆನ್ನದೆ ಕೊಂದಿದ್ದವನೊಬ್ಬ ಈಗ ಹಂದಿ ಸಾಕಿಕೊಂಡು ಕೆಸರಿನಲ್ಲಿ ಬೀಳುತ್ತಿದ್ದಾನೆ, ಕುದುರೆ ಹತ್ತಲೂ ಒದ್ದಾಡುತ್ತಾನೆ. ಐದು ಜನರನ್ನು ಕೊಂದಿದ್ದೇನೆ ಎಂದು ಬಡಾಯಿ ಕೊಚ್ಚುವ ಹುಡುಗನೊಬ್ಬ ಅವನ ಜೊತೆಗಿದ್ದಾನೆ. ಆ ಹುಡುಗ ಮೊದಲ ಬಾರಿಗೆ ನಿಜವಾಗಿ ಒಬ್ಬನನ್ನು ಕೊಂದ ಮೇಲೆ ಮರದ ಕೆಳಗೆ ಕುಳಿತು ಅಳುವ ದೃಶ್ಯ ಇದೆಯಲ್ಲ, ಅರವತ್ತು ವರ್ಷಗಳ ಪಿಸ್ತೂಲಿನ ಬಡಾಯಿಯನ್ನು ಅದು ಒಂದೇ ಏಟಿಗೆ ತೊಳೆದುಹಾಕುತ್ತದೆ. ಶ್ರೇಷ್ಠ ಚಿತ್ರವೂ ಸೇರಿ 4 ಆಸ್ಕರ್ ಬಂದವು. ಈಸ್ಟ್‌ವುಡ್ ಚಿತ್ರವನ್ನು ಅರ್ಪಿಸಿದ್ದು ತನ್ನ ಇಬ್ಬರು ಗುರುಗಳಿಗೆ. ಅವರಲ್ಲಿ ಒಬ್ಬರು ಲಿಯೋನ್.

‘ಮೋಸಗಾಳ್ಳಕು ಮೋಸಗಾಡು’ ಅಷ್ಟು ಆಳದ ಚಿತ್ರ ಎಂದು ನಾನು ಹೇಳಿದರೆ ನೀವು ನಗುತ್ತೀರಿ, ನಗಬೇಕು ಕೂಡ. ಇಲ್ಲಿ ಕೊಲ್ಲುವುದು ಆಟ. ನಡುವೆ ಜ್ಯೋತಿಲಕ್ಷ್ಮಿಯ ಕುಣಿತ ಬೇಕೇ ಬೇಕು. ಇನ್ನೊಂದು ಕೊರತೆ ನನಗೆ ಆಗಲೇ ಕಂಡಿತ್ತು: ತೆಲುಗಿನ ಕಥೆ, ಆದರೆ ತೆಲುಗಿನ ನೆಲವಿಲ್ಲ. ಮರಳುಗಾಡು ಬೇಕೆಂದು ರಾಜಸ್ಥಾನದ ಬಿಕಾನೇರಿಗೆ ಹೋದರು, ಹಿಮಾಲಯದ ಕಡೆಗೂ ಹೋದರು. ಛಾಯಾಗ್ರಾಹಕ ವಿ.ಎಸ್.ಆರ್. ಸ್ವಾಮಿ ಅದನ್ನು ಸೊಗಸಾಗಿಯೇ ಹಿಡಿದಿದ್ದಾರೆ. ಆದರೆ ಬೊಬ್ಬಿಲಿಯ ತಾಳೆಮರ, ಕೆಂಪು ಮಣ್ಣು, ಪೂರ್ವಘಟ್ಟದ ನೀಲಿ ಬೆಟ್ಟ ಒಂದೂ ಇಲ್ಲ. ಸ್ಪೇನಿನ ಬೆಂಗಾಡನ್ನು ಲಿಯೋನ್ ಟೆಕ್ಸಾಸ್ ಎಂದು ತೋರಿಸಿದ ಹಾಗೆಯೇ ಇದು.

ಆದರೂ ಜನ ಮುಗಿಬಿದ್ದರು. ತಮಿಳಿಗೆ, ಹಿಂದಿಗೆ ಡಬ್ ಆಯಿತು, ‘ಟ್ರೆಷರ್ ಹಂಟ್’ ಎಂದು ಇಂಗ್ಲಿಷಿಗೂ ಹೋಯಿತು. ಕೃಷ್ಣ ಗುಂಟೂರು ಸೀಮೆಯ ಬುರ್ರಿಪಾಲೆಂ ಹಳ್ಳಿಯವರು, ತೆನಾಲಿಯ ಪಕ್ಕ. ಕೃಷ್ಣಾ ನದಿ ದಾಟಿದರೆ ವಿಜಯವಾಡಕ್ಕೆ ದೂರವೇನಲ್ಲ. 1966ರಲ್ಲೇ ‘ಗೂಢಚಾರಿ 116’ರಲ್ಲಿ ಪತ್ತೇದಾರನಾಗಿ ಆಂಧ್ರದ ಜೇಮ್ಸ್ ಬಾಂಡ್ ಎನಿಸಿಕೊಂಡಿದ್ದರು. ವಿಜಯವಾಡದ ಗಾಂಧಿನಗರದಲ್ಲಿ ಹಂಚಿಕೆದಾರರ ಆಫೀಸುಗಳು ಸಾಲಾಗಿದ್ದವು. ಅಲ್ಲಿನ ಚಹಾದ ಅಂಗಡಿಯಲ್ಲಿ ಕುಳಿತರೆ ಯಾವ ಚಿತ್ರ ಎಲ್ಲಿ ಓಡುತ್ತಿದೆ ಎಂದು ತಾನಾಗಿ ತಿಳಿಯುತ್ತಿತ್ತು. ಅವರ ಭಾಷೆಯಲ್ಲಿ ಆಂಧ್ರದ ನಕ್ಷೆಯೇ ಬೇರೆ. ನೈಜಾಂ, ಸೀಡೆಡ್, ಉತ್ತರಾಂಧ್ರ, ಕೃಷ್ಣಾ, ಗುಂಟೂರು. ಈ ‘ಸೀಡೆಡ್’ ಯಾವ ಊರು ಎಂದು ನಾನು ಬಹಳ ದಿನ ಹುಡುಕಿದ್ದೆ! ಆಮೇಲೆ ತಿಳಿಯಿತು, 1800ರಲ್ಲಿ ನಿಜಾಮ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಜಿಲ್ಲೆಗಳು. ನಮ್ಮ ಬಳ್ಳಾರಿಯೂ ಅದರಲ್ಲಿ ಸೇರಿತ್ತು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಪಾಳೇಗಾರರ ಕೋಟೆಗಳನ್ನು ಒಂದೊಂದಾಗಿ ಮುರಿದದ್ದು ಅಲ್ಲಿಯೇ. ನೋಡಿ, ಬಿಳಿಯರು ನೆಲ ಹಂಚಿಕೊಂಡ ಗುರುತು ಸಿನಿಮಾದ ಡಬ್ಬಿಯ ಮೇಲೆ ಉಳಿದುಕೊಂಡಿದೆ. ಇಂಥ ಊರಿನ ಪ್ರೇಕ್ಷಕರಿಗೆ ಬಂಗಾರ ಯಾರದ್ದು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನೊಂದು ಮಾತು. ನಮಗೆ ಈ ಬಗೆಯ ಕಥೆ ಯಾಕೆ ಇಷ್ಟವಾಗುತ್ತದೆ? ಕೌಬಾಯ್ ಅಂದರೆ ಕೊನೆಗೂ ದನ ಕಾಯುವವನು ತಾನೇ. ನಿಮ್ಮ ಊರಿನ ಹೊರಗೆ, ಹೊಲದ ಬದುವಿನಲ್ಲಿ ವೀರಗಲ್ಲು ಇದ್ದರೆ ಮುಂದಿನ ಸಲ ನಿಂತು ನೋಡಿ. ಎಷ್ಟೋ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ದನದ ಸಾಲು, ಅದನ್ನು ಹೊಡೆದುಕೊಂಡು ಹೋಗಲು ಬಂದವರ ಎದುರು ಒಬ್ಬ ಬಿಲ್ಲು ಹಿಡಿದು ನಿಂತಿರುತ್ತಾನೆ. ತುರುಗಾಳಗದಲ್ಲಿ ಮಡಿದವನು. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ವಿರಾಟಪರ್ವದ ಗೋಗ್ರಹಣವೂ ದನ ಕದ್ದ ಜಗಳವೇ. ಉತ್ತರಕುಮಾರನಂಥ ಬಡಾಯಿಗಾರ ಅಲ್ಲಿಯೂ ಇದ್ದಾನೆ. ಪೊಲೀಸು, ಕೋರ್ಟು ಇನ್ನೂ ಬಾರದ ಊರು. ತಪ್ಪಿಗೆ ತಕ್ಷಣ ಎದುರು ನಿಲ್ಲುವ ಒಬ್ಬ ಮನುಷ್ಯ. ಸರ್ಕಾರಿ ಕಚೇರಿಯಲ್ಲಿ ಒಂದು ಕಾಗದಕ್ಕೆ ಆರು ತಿಂಗಳು ಅಲೆದವರಿಗೆ ಆ ಎರಡು ಗಂಟೆ ಎಂಥ ತಂಪು!

ಅಪಾಯ ಇರುವುದೂ ಅಲ್ಲೇ. ಎದುರು ನಿಂತವನೇ ಸರಿ ಎಂದು ನಂಬಿಬಿಡುತ್ತೇವೆ. ಹಾಗಾಗಿ ಕಥೆಯನ್ನು ಆಗಾಗ ತಿರುಗಿಸಿ ನೋಡುವವರು ಬೇಕು.

ತಿರುಗಿಸಿ ನೋಡಿದ ಕೆಲಸ ಈ ತಂಡದಲ್ಲೇ ಮುಂದುವರಿಯಿತು ಎಂಬುದು ನನಗೆ ಬಹಳ ಕಾಲದ ಮೇಲೆ ಹೊಳೆಯಿತು. ಮೂರು ವರ್ಷಗಳ ನಂತರ, 1974ರ ಮೇ 1ರಂದು, ಅದೇ ಕೃಷ್ಣ, ಅದೇ ಪದ್ಮಾಲಯ, ಅದೇ ಛಾಯಾಗ್ರಾಹಕ ಸ್ವಾಮಿ ‘ಅಲ್ಲೂರಿ ಸೀತಾರಾಮರಾಜು’ ಚಿತ್ರ ತಂದರು. ಕೃಷ್ಣ ಅವರ ನೂರನೆಯ ಚಿತ್ರ, ತೆಲುಗಿನ ಮೊದಲ ಸಿನಿಮಾಸ್ಕೋಪ್. ಈ ಸಲ ಬಿಕಾನೇರಿಗೆ ಹೋಗಲಿಲ್ಲ. ಕ್ಯಾಮೆರಾ ವಿಶಾಖಪಟ್ಟಣದ ಮನ್ಯಂ ಬೆಟ್ಟಗಳಿಗೆ, ಚಿಂತಪಲ್ಲಿಯ ಕಾಡಿಗೇ ಹತ್ತಿತು. ನಿರ್ದೇಶಕ ವಿ. ರಾಮಚಂದ್ರರಾವ್ ಚಿತ್ರ ಮುಗಿಯುವ ಮೊದಲೇ ತೀರಿಕೊಂಡರು. ಉಳಿದದ್ದನ್ನು ಕೃಷ್ಣ ನೋಡಿಕೊಂಡರು, ಹೋರಾಟದ ದೃಶ್ಯಗಳಿಗೆ ಕೆ.ಎಸ್.ಆರ್. ದಾಸ್ ಬಂದರು. ಕೌಬಾಯ್ ಚಿತ್ರದಲ್ಲಿ ಕಲಿತ ಕುದುರೆ, ಗುಂಡು, ಬೆಟ್ಟದ ಅಂಚಿನ ಹೊಂಚು ಎಲ್ಲವೂ ಇಲ್ಲಿ ಕೆಲಸಕ್ಕೆ ಬಂತು.

ಈ ಕಥೆ ಕಲ್ಪಿತವಲ್ಲ. 1882ರ ಮದರಾಸು ಅರಣ್ಯ ಕಾಯ್ದೆ ಬೆಟ್ಟದ ಬುಡಕಟ್ಟಿನವರ ಪೋಡು ಬೇಸಾಯಕ್ಕೆ ಅಡ್ಡ ಬಂತು. ಕಾಡಿನೊಳಕ್ಕೆ ರಸ್ತೆ ಕಡಿಯಲು ಅವರನ್ನೇ ಕಡಿಮೆ ಕೂಲಿಗೆ ದುಡಿಸಿದರು. 1922ರ ಆಗಸ್ಟ್ 22ರಂದು ಸೀತಾರಾಮರಾಜು ಚಿಂತಪಲ್ಲಿ ಪೊಲೀಸ್ ಠಾಣೆಗೆ ನುಗ್ಗಿದರು. ಬೆನ್ನಿಗೇ ಕೃಷ್ಣದೇವಿಪೇಟ, ರಾಜವೊಮ್ಮಂಗಿ. ಮೂರೇ ದಿನಗಳಲ್ಲಿ ಮೂರು ಠಾಣೆ. ಬಂದೂಕು, ಗುಂಡು ತೆಗೆದುಕೊಂಡು, ಏನೇನು ಒಯ್ದೆವೆಂದು ಠಾಣೆಯ ಪುಸ್ತಕದಲ್ಲೇ ಬರೆದು ಸಹಿ ಹಾಕಿ ಹೋದರು! ಯಾವ ಹಾಲಿವುಡ್ ಬರಹಗಾರನಿಗೆ ಇಂಥ ದೃಶ್ಯ ಹೊಳೆದೀತು? ಮಲಬಾರ್ ಪೊಲೀಸ್, ಅಸ್ಸಾಂ ರೈಫಲ್ಸ್ ಬಂದರೂ ಸುಮಾರು ಎರಡು ವರ್ಷ ಕೈಗೆ ಸಿಗಲಿಲ್ಲ. 1924ರ ಮೇ 7ರಂದು ಕೊಯ್ಯೂರಿನಲ್ಲಿ ಅವರನ್ನು ಮರಕ್ಕೆ ಕಟ್ಟಿ ಗುಂಡಿಟ್ಟರು. 2022ರಲ್ಲಿ ಆ ಬೆಟ್ಟಗಳನ್ನು ವಿಶಾಖಪಟ್ಟಣದಿಂದ ಬೇರೆ ಮಾಡಿ ಅವರ ಹೆಸರಿನ ಜಿಲ್ಲೆ ಮಾಡಿದ್ದಾರೆ, ಪಾಡೇರು ಅದರ ಕೇಂದ್ರ.

ಮಾಸ್ಟಾರು ಆ ಬೆಟ್ಟಗಳ ತಪ್ಪಲಿನವರು ಎಂಬುದು ನನಗೆ ಆಗ ಮುಖ್ಯವೆನಿಸಿರಲಿಲ್ಲ. ಅವರ ಪ್ರಶ್ನೆ ಸಿನಿಮಾದ ಪೆಟ್ಟಿಗೆಯ ಬಗ್ಗೆ ಮಾತ್ರ ಇರಲಿಲ್ಲ.

ದಾಸ್ ಅವರ ಬಗ್ಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ನೆಲ್ಲೂರು ಕಡೆಯ ವೆಂಕಟಗಿರಿಯ ಈ ಮನುಷ್ಯ ಕನ್ನಡಕ್ಕೆ ಬಂದು 1975ರಲ್ಲಿ ‘ಕಳ್ಳ ಕುಳ್ಳ’ ಮಾಡಿದರು. ವಿಷ್ಣುವರ್ಧನ್–ದ್ವಾರಕೀಶ್ ಜೋಡಿಯನ್ನು ನೀವು ಮರೆತಿಲ್ಲ ತಾನೇ? ಆಮೇಲೆ ‘ಬಂಗಾರದ ಗುಡಿ’, ‘ಸಹೋದರರ ಸವಾಲ್’, ‘ಕಿಲಾಡಿ ಜೋಡಿ’, 1984ರಲ್ಲಿ ‘ಖೈದಿ’. ಬೆಂಗಳೂರಿನ ಪಕ್ಕದ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಕಟ್ಟಿದ್ದೂ ಇದೇ ಕಾಲದಲ್ಲಿ. ಅದು ತೆರೆ ಕಂಡದ್ದು 1975ರಲ್ಲಿ, ತೆಲುಗಿನ ಕೌಬಾಯ್ ಬಂದು ನಾಲ್ಕು ವರ್ಷ ಆದ ಮೇಲೆ. ದಾಸ್ 2012ರಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ಬರೆಯಬೇಕಿತ್ತು ಎಂದು ನನಗೆ ಅನ್ನಿಸಿತ್ತು.

ಕೃಷ್ಣ 2022ರ ನವೆಂಬರ್ 15ರಂದು ಹೋದರು. ಮರುವರ್ಷ ಅವರ ಹುಟ್ಟುಹಬ್ಬದ ದಿನ, ಮೇ 31ಕ್ಕೆ, ‘ಮೋಸಗಾಳ್ಳಕು ಮೋಸಗಾಡು’ ಚಿತ್ರವನ್ನು 4ಕೆ ತಂತ್ರದಲ್ಲಿ ಹೊಸದಾಗಿ ತೊಳೆದು ಮತ್ತೆ ಬಿಡುಗಡೆ ಮಾಡಿದರು. ಆ ವಾರ ನಾನು ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕೆ ಹೋದೆ. ಮನೆಯಲ್ಲಿ ಎಲ್ಲರೂ ನಕ್ಕರು, ಹಳೇ ಸಿನಿಮಾಕ್ಕೆ ಇಷ್ಟು ದೂರವೇ ಎಂದು. ಮಾಸ್ಟಾರು ಈಗಿಲ್ಲ. ಅವರ ಮಗಳ ಮನೆಗೆ ಹೋಗಿ, ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಟಾಕೀಸಿಗೆ ಹೋದೆ. ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಕೌಬಾಯ್ ಅಂದರೆ ಅವನಿಗೆ ಮೊಬೈಲ್ ಆಟ. ಮೊದಲರ್ಧ ಸುಮ್ಮನೆ ನಗುತ್ತಿದ್ದ. ಸುತ್ತ ಕುಳಿತ ಅರವತ್ತು ದಾಟಿದ ಗಂಡಸರು ಕಾಗದ ಹರಿದು ತೆರೆಯ ಮುಂದೆ ತೂರುವಾಗ ಅವನೂ ಎದ್ದು ನಿಂತ.

ಹೊರಗೆ ಬಂದು ಬೀಚ್ ರಸ್ತೆಯಲ್ಲಿ ನಡೆಯುವಾಗ ಹುಡುಗ ಹೇಳಿದ, “ಅಂಕುಲ್, ಇದೆಲ್ಲ ಹಾಲಿವುಡ್ ಕಾಪಿ ಅಲ್ಲವಾ?”

ನಾನು ಸೋಡಾ ಗಾಡಿಗಾಗಿ ಸುತ್ತ ನೋಡಿದೆ. ಇರಲಿಲ್ಲ. ಮಸಾಲೆ ಹಚ್ಚಿದ ಜೋಳ ಸುಡುವವನೊಬ್ಬ ಇದ್ದ. ಅವನ ಪಕ್ಕ ನಿಂತು ಅವನ ತಾತನ ಪ್ರಶ್ನೆಯನ್ನು ಅವನಿಗೇ ಕೇಳಿದೆ.